ಮಗ್ಗ ನಿಂತಿದ್ದ ದಿನದ ಪಂಚನಾಮೆ

ರಾಜಘಟ್ಟ
16 ಸೆಪ್ಟೆಂಬರ್ 2025, ಮಂಗಳವಾರ

ಮಗಳೇ ಸ್ನೇಹ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ, ನಾನೂ ಉಸಿರಾಡಿಕೊಂಡು ಇದ್ದೇನೆ. ನನ್ನ ಕೈಬರಹ ಕಂಡ ಕೂಡಲೇ ನಿನ್ನ ಎದೆ ಹೊಡೆದುಕೊಂಡಿರುತ್ತದೆ, ಅದಕ್ಕೇ ಈ ಮಾತು ಮೊದಲು. ಕರಪತ್ರ ಬಿಟ್ಟರೆ ನಾನು ಕಾಗದ ಬರೆದು ಇಪ್ಪತ್ತು ವರ್ಷವಾಯಿತು. ಫೋನ್ ಮಾಡಬಹುದಿತ್ತಲ್ಲಮ್ಮ ಅನ್ನುತ್ತೀಯ. ನಿನ್ನ ಫೋನು ಯಾರ ಜೇಬಿನಲ್ಲಿರುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನಾನು ಕರೆ ಮಾಡಿದಾಗಲೆಲ್ಲ ನಿನ್ನ ಗಂಡ ಸ್ಪೀಕರ್ ಹಾಕಿರುತ್ತಾನೆ. ಅವನ ಉಸಿರು ನನಗೆ ಕೇಳಿಸುತ್ತದೆ.

ಈ ಕಾಗದ ತಂದುಕೊಡುವವಳು ಮುನಿಲಕ್ಷ್ಮಮ್ಮ, ನಿಮ್ಮ ಮನೆಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಲು ಬರುವವಳು. ನಮ್ಮ ಕಾರ್ಮಿಕ ಸಂಘದ ಹಳೆಯ ಜೀವ. ಬುಟ್ಟಿಯಲ್ಲಿ ಕಂಡಿಕೆಗಳ ಕೆಳಗಿಟ್ಟು ತರುತ್ತಾಳೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಓದು. ಓದಿದ ಮೇಲೆ ಚೂರುಚೂರು ಮಾಡಿ ನೀರು ಹುಯ್ಯಿ. ಸುಡಲು ಹೋಗಬೇಡ. ಒಲೆಯ ಹತ್ತಿರ ಹೋಗುವುದನ್ನೇ ಈ ಎರಡು ದಿನ ಕಡಿಮೆ ಮಾಡು. ಯಾಕೆ ಎಂದು ಮುಂದೆ ಬರೆಯುತ್ತೇನೆ.

ತಡ ಮಾಡಿದ್ದಕ್ಕೆ ಬೈಯಿ. ಈ ಕಾಗದ ಹನ್ನೆರಡು ದಿನದ ಹಿಂದೆ ಬರೆಯಬೇಕಾಗಿತ್ತು. ಕೆಲಸವಿತ್ತು, ಮೈ ಸರಿಯಿರಲಿಲ್ಲ ಅಂತ ನೆಪ ಹೇಳುವುದಿಲ್ಲ. ಹೆದರಿಕೊಂಡು ಕೂತಿದ್ದೆ. ಪೊಲೀಸರ ಲಾಠಿಗೆ ಬೆನ್ನು ಕೊಟ್ಟವಳು, ವ್ಯಾನಿನೊಳಗೂ ಘೋಷಣೆ ಕೂಗಿದವಳು, ಹನ್ನೆರಡು ದಿನ ಅಡಿಗೆಮನೆಯ ಮೂಲೆಯಲ್ಲಿ ಕೂತು ಬಾಗಿಲು ಸದ್ದಾದರೆ ಬೆಚ್ಚುತ್ತಿದ್ದೆ.

ವಿಷಯ ಶುರುವಾದದ್ದು ನಿನ್ನ ಮಾವನಿಂದಲೇ. ನನ್ನ ಚಿಕ್ಕಪ್ಪ ವೇಣುಗೋಪಾಲ್. ತವರಿನ ಸಂಬಂಧ ಬಿಟ್ಟುಹೋಗಬಾರದು ಎಂದು ಎರಡು ವರ್ಷದ ಹಿಂದೆ ನಿನ್ನನ್ನು ಅವರ ಮಗ ಅಭಿಗೆ ಕೊಟ್ಟೆ. ಅಭಿ ನನಗೆ ತಮ್ಮ, ನಿನಗೆ ಸೋದರಮಾವನ ವರಸೆ. ಗೊತ್ತಿರುವ ಮನೆ, ನಾನು ಹುಟ್ಟಿ ಬೆಳೆದ ಮನೆ, ಹುಡುಗಿ ಸುಖವಾಗಿರುತ್ತಾಳೆ ಎಂದು ಊರಿಗೆಲ್ಲ ಹೇಳಿಕೊಂಡೆ. ಈಗ ನೇಕಾರರ ಸಂಘದವರು ಸ್ಮರಣ ಸಂಚಿಕೆ ತರುತ್ತಿದ್ದಾರಲ್ಲ, ಅದಕ್ಕೆ ನಮ್ಮ ವಂಶದ ಚರಿತ್ರೆ ಬರೆದುಕೊಡು ಎಂದು ಚಿಕ್ಕಪ್ಪ ಆಗಸ್ಟ್‌ನಲ್ಲಿ ನನಗೆ ಹೇಳಿದರು. "ನೀನು ಬರವಣಿಗೆಯೋಳು ಕಣವ್ವ. ನಾಕ್ ಪುಟ ಬರಿ. ನಿಮ್ಮಜ್ಜ ಕೈಮಗ್ಗದಿಂದ ಪವರ್‌ಲೂಮಿಗೆ ಹೆಂಗ್ ಬಂದ್ರು ಅನ್ನೋದ್ ಬರಿ. ಒಂದ್ ಫೋಟೋ ಹಾಕ್ಸೋಣ."

ನಾನು ಒಪ್ಪಿದೆ. ನೀನು ಆ ಮನೆಯಲ್ಲಿ ಇದ್ದೀಯ, ಅವರ ಮುಖ ನಗುತ್ತಾ ಇರಲಿ ಎಂದು ಒಪ್ಪಿದೆ.

ಅಜ್ಜ ತೀರಿಕೊಂಡ ತಾರೀಕು ಯಾರಿಗೂ ಗೊತ್ತಿಲ್ಲ. ಹುಡುಕಿಕೊಂಡು ತಾಲ್ಲೂಕು ಕಚೇರಿಯ ದಫ್ತರಿನ ಕೋಣೆಗೆ ಹೋದೆ. ಅಲ್ಲಿ ಲಕ್ಷ್ಮಯ್ಯನವರು ಅಂತ ಇದ್ದಾರೆ, ನಿವೃತ್ತಿಯಾದರೂ ಹಳೆಯ ಕಡತ ಹುಡುಕಲು ಅವರನ್ನೇ ಕರೆಸುತ್ತಾರೆ.

"ಏನಮ್ಮ ವರಲಕ್ಷ್ಮಮ್ಮ, ಇವತ್ತು ಒಬ್ರೇ ಬಂದಿದೀರಿ? ಧರಣಿ ಇಲ್ವಾ?"

"ಇಲ್ಲ ಸಾರ್. ನಮ್ಮಜ್ಜನ್ನ ಹುಡುಕ್ತಾ ಇದೀನಿ."

"ಯಾವಾಗಿಂದ ಕಾಣಿಸ್ತಿಲ್ಲ?"

"ಸತ್ತು ಐವತ್ತು ವರ್ಷ ಆಯ್ತು."

"ಹಂಗಾದ್ರೆ ಎಲ್ಲೂ ಹೋಗಿರಲ್ಲ ಬಿಡಿ, ಇಲ್ಲೇ ಇರ್ತಾರೆ," ಎಂದು ಏಣಿ ಹತ್ತಿದರು.

ಮರಣದ ರಿಜಿಸ್ಟರುಗಳನ್ನು ಮುಂದೆ ಹಾಕಿದರು. ಅಜ್ಜ ಸಿಗಲಿಲ್ಲ. ಬೇರೆಯವಳು ಸಿಕ್ಕಿದಳು. ಭಾಗ್ಯಮ್ಮ, ಗಂಡ ವೇಣುಗೋಪಾಲ್, ವಯಸ್ಸು ಇಪ್ಪತ್ತು. ಸತ್ತ ದಿನ 28-7-1984. ಷರಾ ಕಾಲಮ್ಮಿನಲ್ಲಿ ಶವಪಂಚನಾಮೆಯ ನಂಬರು.

ನಿನ್ನ ಮಾವನಿಗೆ ಮೊದಲ ಹೆಂಡತಿ ಇದ್ದಳು ಎಂದು ನಿನಗೆ ಹೇಳಿರಬಹುದು. ಕಾಮಾಲೆಯಾಗಿ ಸತ್ತಳು ಎಂದೂ ಹೇಳಿರಬಹುದು. ಕಾಮಾಲೆಯಲ್ಲ. ಸೀಮೆಎಣ್ಣೆ ಸ್ಟೌ ಸಿಡಿದು ಸತ್ತಳು ಎಂದು ಆಗ ಮನೆಯಲ್ಲಿ ಹೇಳಿದರು. ಒಂಬತ್ತು ವರ್ಷದವಳು ನಾನು, ನಾನೂ ಹಾಗೇ ನಂಬಿದ್ದೆ. ಭಾಗ್ಯ ಚಿಕ್ಕಮ್ಮ ಹಿಂದೂಪುರದ ಕಡೆಯವಳು. ಮಾತು ತೆಲುಗು, ಕನ್ನಡ ಅರ್ಧಂಬರ್ಧ. ಅವಳು ಕನ್ನಡ ಮಾತಾಡಿದರೆ ಮನೆಯವರೆಲ್ಲ ನಗುತ್ತಿದ್ದರು, ಆದ್ದರಿಂದ ನನ್ನ ಹತ್ತಿರ ಮಾತ್ರ ಮಾತಾಡುತ್ತಿದ್ದಳು, ಅದೂ ತೆಲುಗಿನಲ್ಲಿ. ನನಗೆ ಜಡೆ ಹೆಣೆಯುತ್ತಿದ್ದಳು. ಕೂದಲು ಎಳೆದು ನೋಯಿಸುತ್ತಿದ್ದಳು, ಆಮೇಲೆ ತಲೆಗೆ ಮುತ್ತು ಕೊಡುತ್ತಿದ್ದಳು.

ಅವಳ ಕಡತ ಕೊಡಿ ಎಂದು ಅರ್ಜಿ ಬರೆದುಕೊಟ್ಟೆ. ಅರ್ಜಿಯ ಮೇಲಿನ ಹೆಸರು ಓದಿ ಲಕ್ಷ್ಮಯ್ಯನವರು ಕನ್ನಡಕ ತೆಗೆದರು. ಅವರೂ ಮಗ್ಗದ ಮನೆಯಲ್ಲಿ ಹುಟ್ಟಿದವರು. "ಅಮ್ಮಾ, ಇದೂ ಚರಿತ್ರೆಗೇ ಬೇಕಾ?" ಎಂದರು. ಬೇಕು ಎಂದೆ. ಒಂದು ವಾರದ ಮೇಲೆ, ಅಂದರೆ ಈಗ್ಗೆ ಹನ್ನೆರಡು ದಿನದ ಹಿಂದೆ, ನಕಲು ಸಿಕ್ಕಿತು. ಮೂವತ್ತೊಂದು ಹಾಳೆ.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ ಪೊಲೀಸರಷ್ಟೇ ಸಾಲದು, ಮ್ಯಾಜಿಸ್ಟ್ರೇಟ್ ಅಧಿಕಾರದ ಸಾಹೇಬರೇ ಬಂದು ಹೆಣ ನೋಡಬೇಕು, ಸುತ್ತಲಿನವರನ್ನು ಕೇಳಬೇಕು ಎಂದು ಕಾನೂನು ಆಗಷ್ಟೇ ಬಂದಿತ್ತು. ಆ ಕಾನೂನಿಗಾಗಿ ದೇಶದ ತುಂಬ ಹೆಂಗಸರು ಬೀದಿಗಿಳಿದಿದ್ದರು. ಯಾರೋ ಕೂಗಿ ತಂದ ಕಾನೂನು ನಮ್ಮ ಮನೆ ಬಾಗಿಲಿಗೂ ಬಂತು, ಕುರ್ಚಿ ಹಾಕಿಸಿಕೊಂಡು ಕೂತಿತು, ಕೇಳಬೇಕಾದದ್ದನ್ನು ಕೇಳಿತು. ಉತ್ತರ ಕೊಟ್ಟವರು ನಾವು.

ಪಕ್ಕದ ಮನೆಯ ಮುನೀಂದ್ರ: "ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳು ಓಡುತ್ತಿದ್ದ ಪ್ರಯುಕ್ತ ಯಾವುದೇ ಕೂಗು ಕೇಳಿಬಂದಿರುವುದಿಲ್ಲ." ಎದುರು ಮನೆಯ ಮುನಿವೆಂಕಟಮ್ಮ: "ಮಗ್ಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಹೊಗೆ ನೋಡಿ ಹೋದೆ." ಹಿತ್ತಲಿಗೆ ಹಿತ್ತಲು ತಾಗಿದ ಮನೆಯವರು: "ಮಗ್ಗದ ಸದ್ದು ಇದ್ದುದರಿಂದ." ನನ್ನ ಅವ್ವ, ನಿನ್ನ ಅಜ್ಜಿ: "ನಾನು ಮಗ್ಗದ ಮನೆಯಲ್ಲಿದ್ದೆ. ಕೇಳಿಸಲಿಲ್ಲ." ಪಂಚರ ಜಾಗದಲ್ಲಿ ನನ್ನ ಅಪ್ಪನ ಸಹಿ. ಕೊನೆಗೆ ಷರಾ: ಆಕಸ್ಮಿಕ.

ಮೊದಲ ಸಲ ಓದಿದಾಗ ಅತ್ತುಬಿಟ್ಟೆ. ಎರಡನೆಯ ಸಲ ಓದಿದಾಗ, ಪಾಪ, ನಿಜವಾಗಿಯೂ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಆ ಬೀದಿಯಲ್ಲಿ ಬೆಳೆದವಳು ನಾನು. ಮಗ್ಗಗಳು ಓಡುವಾಗ ಪಕ್ಕದಲ್ಲಿ ನಿಂತವರಿಗೂ ಕೈಸನ್ನೆ ಮಾಡಬೇಕು. ನೀನೂ ಈಗ ಹಾಗೇ ಬದುಕುತ್ತಿದ್ದೀಯಲ್ಲ. ಸದ್ದೇ ಆ ಮನೆಯ ಗೋಡೆ.

ಮೂರನೆಯ ಸಲ ಹೆಣದ ವಿವರ ಬರೆದ ಹಾಳೆ ಓದಿದೆ. ಬರೆದವನು ಶ್ರದ್ಧೆಯ ಗುಮಾಸ್ತ. ಕಾಲುಂಗುರ ಎಷ್ಟು, ಬಳೆಚೂರು ಎಷ್ಟು, ಕಂಡದ್ದನ್ನೆಲ್ಲ ಬರೆದಿದ್ದಾನೆ. ಅದರ ಮಧ್ಯೆ ಈ ಸಾಲು: "ಮೃತಳ ಬಲಗೈ ಮೈಯ ಕೆಳಗೆ ಮಡಿಸಿದ್ದು, ಮುಂಗೈಯಲ್ಲಿ ಅರಿಶಿನ ಬಣ್ಣದ ನೂಲಿನ ದಾರ ಇರುತ್ತದೆ. ಸದರಿ ದಾರದಲ್ಲಿ ಗಂಟುಗಳಿದ್ದು, ಎಣಿಸಲಾಗಿ ಒಂಬತ್ತು."

ಸ್ನೇಹ, ಜುಲೈನಲ್ಲಿ ನೀನು ಫೋನ್ ಮಾಡಿ, "ಅಮ್ಮ, ದಾರಕ್ಕೆ ಎಷ್ಟು ಗಂಟು ಹಾಕ್ಬೇಕು?" ಎಂದು ಕೇಳಿದೆ. ಒಂಬತ್ತು ಎಂದು ನಾನೇ ಹೇಳಿದೆ. ಗಂಡನ ಕಾಲು ತೊಳೆದು, ಹೂವಿಟ್ಟು, ಅವನ ಆಯುಸ್ಸು ಬೇಡಿ ಬಲಗೈಗೆ ಕಟ್ಟಿಕೊಳ್ಳುವ ದಾರ ಅದು. ಭೀಮನ ಅಮಾವಾಸ್ಯೆಯ ದಾರ.

ಗುಮಾಸ್ತ ಗಂಟು ಎಣಿಸಿದ. ಅದು ಏನೆಂದು ಅವನಿಗೆ ಗೊತ್ತಾಗಲಿಲ್ಲ, ಸಾಹೇಬರಿಗೂ ಗೊತ್ತಾಗಲಿಲ್ಲ. ಅಲ್ಲಿ ನಿಂತಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು, ಪ್ರತಿಯೊಬ್ಬಳ ಕೈಯಲ್ಲೂ ಅಂಥದೇ ದಾರವಿತ್ತು. ಫೋನಿನಲ್ಲಿ ಹಳೆಯ ಪಂಚಾಂಗ ತೆಗೆಸಿ ನೋಡಿದೆ. 28-7-1984, ಶನಿವಾರ, ಆಷಾಢ ಬಹುಳ ಅಮಾವಾಸ್ಯೆ.

ನಮ್ಮ ಬೀದಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಓಡಿಸುವುದಿಲ್ಲ. ಕೈಮಗ್ಗದ ಕಾಲದಿಂದ ಬಂದದ್ದು. ಮಗ್ಗ ಒರೆಸಿ, ಕುಂಕುಮ ಇಟ್ಟು, ಕರ್ಪೂರ ಹಚ್ಚಿ ಬಿಡುತ್ತಾರೆ. ಬೀದಿಯ ಈ ತುದಿಯಲ್ಲಿ ಮಗು ಕೆಮ್ಮಿದರೆ ಆ ತುದಿಗೆ ಕೇಳಿಸುವ ದಿನ ತಿಂಗಳಿಗೆ ಅದೊಂದೇ. ನಲವತ್ತು ಮನೆಯ ಒಂದು ಮಗ್ಗವೂ ಅವತ್ತು ಓಡುತ್ತಿರಲಿಲ್ಲ, ಕಣೇ. ಆ ಹುಡುಗಿ ಕೂಗಿದ್ದು ಪ್ರತಿ ಮನೆಗೂ ಕೇಳಿಸಿತ್ತು.

ಹಿರಿಯರು ಕೂತು ಹೇಳಿಕೊಟ್ಟರೋ, ಬಾಯಿಗೆ ತಾನಾಗಿಯೇ ಬಂತೋ ತಿಳಿಯದು. ಮಗ್ಗದವರಿಗೆ ಆ ಮಾತು ಅಷ್ಟು ರೂಢಿ. ವೋಟು ಕೇಳಲು ಬಂದವರಿಗೂ, ಜಗಳಕ್ಕೆ ಸಾಕ್ಷಿ ಹೇಳಿ ಎಂದು ಕರೆದವರಿಗೂ "ಮಗ್ಗದ್ ಸದ್ದು ಸಾರ್, ಕೇಳಿಸ್ಲಿಲ್ಲ" ಅಂದುಬಿಟ್ಟರೆ ಮುಗಿಯಿತು. ಅವತ್ತೂ ಅದನ್ನೇ ಹೇಳಿದರು. ಅವತ್ತು ಯಾವ ದಿನ ಎಂದು ಒಬ್ಬರ ನಾಲಿಗೆಯೂ ತಡವರಿಸಲಿಲ್ಲ. ಬೇರೆ ಯಾವ ಊರಿನವರು ಓದಿದರೂ ಈ ಕಡತದಲ್ಲಿ ಸುಳ್ಳು ಕಾಣುವುದಿಲ್ಲ. ಮಗ್ಗದವರ ಕಣ್ಣಿಗೆ ಪ್ರತಿ ಹಾಳೆಯಲ್ಲೂ ಕಾಣುತ್ತದೆ.

ನಾನು ಬೇರೆಯವರ ಮನೆ ಮುಂದೆ ಕೂತು ಧಿಕ್ಕಾರ ಕೂಗಿದವಳು. ತೊಂಬತ್ತರ ದಶಕದಲ್ಲಿ ಸುಟ್ಟುಹೋದ ಸೊಸೆಯರ ಹೆಸರು ಬರೆದ ರಟ್ಟು ಹಿಡಿದು ನಿಂತವಳು. ಆ ಯಾವ ರಟ್ಟಿನ ಮೇಲೂ ಭಾಗ್ಯಮ್ಮನ ಹೆಸರು ಬರೆಯಲಿಲ್ಲ. ಥೂ ನನ್ನ ಬಾಯಿಗೆ.

ಈಗ ಭಾನುವಾರದ ಮಾತು ಹೇಳುತ್ತೇನೆ. ಹೆದರಬೇಡ ಎಂದು ಬರೆಯುವುದಿಲ್ಲ. ಹೆದರು. ಹೆದರಿಕೆ ಇದ್ದರೆ ಹುಷಾರಾಗಿರುತ್ತೀಯ.

ಮೊನ್ನೆ ಭಾನುವಾರ ಮಧ್ಯಾಹ್ನ ಚಿಕ್ಕಪ್ಪ ಬಂದ. ಇಷ್ಟು ವರ್ಷ ಬಂದರು ಹೋದರು ಎಂದೇ ಹೇಳಿದ್ದೇನೆ, ಇನ್ನು ಮೇಲೆ ಹಾಗೆ ಬರೆಯಲು ಕೈ ಬರುವುದಿಲ್ಲ. ಬಿಳಿ ಪಂಚೆ, ಬಿಳಿ ಶರಟು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಒಬ್ಬನೇ ಬಂದಿದ್ದ. ಮಂಚದ ಮೇಲೆ ಕೂತು ಕಾಫಿ ಕೇಳಿದ. ನಿಮ್ಮಪ್ಪ ಪಕ್ಕದ ಶೆಡ್ಡಿನಲ್ಲಿ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು.

"ಏನವ್ವ ವರಾ, ಚರಿತ್ರೆ ಎಲ್ಲಿವರ್ಗೂ ಬಂತು?"

"ಅಜ್ಜನ ಹತ್ರ ಇದೀನಿ ಚಿಕ್ಕಪ್ಪ."

"ಅಲ್ಲೇ ಇರು. ಅವ್ರಿಂದ ಈಚೆಗ್ ಬರ್ಬೇಡ." ನಕ್ಕ. ಆ ಹಲ್ಲುಸೆಟ್ಟು ಹೊಸದು, ನೀನು ನೋಡಿರುತ್ತೀಯ. "ದಫ್ತರದ್ ರೂಮಲ್ಲಿ ಧೂಳು ಜಾಸ್ತಿಯಂತೆ. ನಿಂಗೆ ಮೊದ್ಲೇ ಉಬ್ಬಸ. ಯಾಕವ್ವ ಬೇಕು?"

ಯಾರು ಹೇಳಿದರು ಅವನಿಗೆ? ಲಕ್ಷ್ಮಯ್ಯನವರಲ್ಲ, ಅಷ್ಟು ನಂಬಿಕೆ ನನಗಿದೆ. ನನ್ನ ಅರ್ಜಿ ನಾಲ್ಕು ಮೇಜು ದಾಟಿ ಹೋಗಿತ್ತು. ನೇಕಾರರ ಸಂಘದ ಹಿರಿಯ ಅವನು, ಎಲ್ಲ ಮೇಜಿನವರೂ ಅವನ ಅಂಗಡಿಯ ಸೀರೆಯನ್ನೇ ಮನೆಗೆ ಕೊಂಡುಹೋಗುವವರು.

ನಾನು ಕಾಫಿ ಲೋಟ ಮುಂದಿಟ್ಟೆ. ಕಾಫಿ ತುಳುಕಿತು. ಅವನು ಅದನ್ನು ನೋಡಿದ.

"ನಮ್ ಸ್ನೇಹ ಚೆನ್ನಾಗ್ ಅಡಿಗೆ ಮಾಡ್ತಾಳೆ ಕಣವ್ವ. ಮೊನ್ನೆ ಒಬ್ಬಟ್ ಮಾಡಿದ್ಲು. ಪಾಪ, ಬೆಳಗ್ಗಿಂದ ಒಬ್ಳೇ ಒಲೆ ಮುಂದೆ ನಿಂತಿರ್ತಾಳೆ. ಸೆರಗು ಹುಷಾರು ತಾಯಿ ಅಂತ ದಿನಾ ನಾನೇ ಹೇಳ್ತಿರ್ತೀನಿ. ಈಗಿನ್ ಹುಡ್ಗೀರು ಎಲ್ ಕೇಳ್ತಾರೆ."

ಅಷ್ಟೇ. ಕಾಫಿ ಪೂರ್ತಿ ಕುಡಿದ, ಲೋಟ ತಾನೇ ತೊಳೆದಿಟ್ಟ, ಹೊರಟ.

ನಿಮ್ಮಪ್ಪ ಕೈ ಒರೆಸಿಕೊಳ್ಳುತ್ತಾ ಬಂದರು. "ಏನಂದ್ರೇ ನಿಮ್ ಚಿಕ್ಕಪ್ಪ?"

"ಸೆರಗು ಹುಷಾರು ಅಂತ ನಮ್ ಮಗೂಗೆ ಹೇಳ್ತಾನಂತೆ."

ಕಡತದ ಮೂವತ್ತೊಂದು ಹಾಳೆಯನ್ನು ಅವರ ಕೈಗಿಟ್ಟೆ. ನಿಮ್ಮಪ್ಪ ಒಂದು ಗಂಟೆ ಓದಿದರು. ದಾರದ ಸಾಲಿಗೆ ಬಂದಾಗ ನಾನು ಏನೂ ವಿವರಿಸಬೇಕಾಗಲಿಲ್ಲ. ಎದ್ದುಹೋಗಿ ಮೇನ್ ಸ್ವಿಚ್ ಕಿತ್ತರು. ಅವತ್ತಿನಿಂದ ಶೆಡ್ಡಿನ ಮಗ್ಗ ಓಡಿಲ್ಲ. "ಕರ್ಕೊಂಡ್ ಬಂದ್ಬಿಡಾಣ ಕಣೆ, ಈಗ್ಲೇ ಹೋಗಾಣ" ಎಂದು ಚಪ್ಪಲಿ ಮೆಟ್ಟಿಬಿಟ್ಟಿದ್ದರು. ತಡೆದವಳು ನಾನು. ಯಾಕೆ ತಡೆದೆ ಎಂದರೆ, ನೀನು ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ.

ಜೂನ್‌ನಲ್ಲಿ ಎಡಗೈಗೆ ಬಟ್ಟೆ ಸುತ್ತಿಕೊಂಡು ಬಂದೆ. ಹಾಲು ಉಕ್ಕಿತು ಅಂದೆ. ಉಕ್ಕಿದ ಹಾಲು ಮೊಣಕೈ ಮೇಲೆ ಬೆರಳಿನ ಗುರುತು ಬಿಡುವುದಿಲ್ಲ. ನಾನು ಅದನ್ನು ಕಂಡೆ, ಕಂಡೂ ಕೇಳಲಿಲ್ಲ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಕೆಲಸಕ್ಕೆ ಮತ್ತೆ ಹೋಗುತ್ತೇನೆ ಎಂದದ್ದಕ್ಕೆ ಅಭಿಗೆ ಸಿಟ್ಟು ಬಂತು ಎಂದು ನೀನು ಅರ್ಧ ಹೇಳಿದೆ, ನಾನು ಉಳಿದರ್ಧ ಹೇಳಲು ಬಿಡಲಿಲ್ಲ. ನಾಲ್ಕು ದಿನ ಇಟ್ಟುಕೊಂಡೆ, ಸೀರೆ ಉಡಿಸಿದೆ, ಮಡಿಲು ತುಂಬಿದೆ, ವಾಪಸು ಕಳಿಸಿದೆ. ಊರಿಗೆಲ್ಲ ಭಾಷಣ ಮಾಡುವ ಅಮ್ಮ ನಿನಗೆ ಹೊಂದಿಕೊಂಡು ಹೋಗು ಅಂದಳು.

ಅದಕ್ಕೇ ಹೆದರಿಕೆ. ನಾವು ಬಂದು ಬಾಗಿಲಲ್ಲಿ ನಿಂತು ಕರೆದಾಗ, ಅಭಿ ಪಕ್ಕದಲ್ಲಿ ನಿಂತಿರುವಾಗ, ನೀನು "ಯಾಕಮ್ಮ ಬಂದ್ರಿ, ನಾನ್ ಚೆನ್ನಾಗೇ ಇದೀನಲ್ಲ" ಅಂದುಬಿಟ್ಟರೆ ನಾವು ವಾಪಸು ಬರಬೇಕಾಗುತ್ತದೆ. ಆಮೇಲೆ ಆ ಮನೆಯೊಳಗೆ ನೀನೊಬ್ಬಳೇ. ನಾವು ಯಾಕೆ ಬಂದಿದ್ದೆವು ಎಂದು ಅವರಿಗೆ ಗೊತ್ತಿರುತ್ತದೆ. ಆದ್ದರಿಂದ ಮೊದಲು ನೀನು ತಿಳಿಯಬೇಕು, ತಿಳಿದು ತಯಾರಾಗಬೇಕು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇವೆ. ನಾನು, ನಿಮ್ಮಪ್ಪ, ವಕೀಲೆ ಅರ್ಪಿತ, ನಮ್ಮ ಕಾರ್ಮಿಕ ಸಂಘದ ನಾಲ್ಕು ಜನ ಹೆಂಗಸರು. ಹಗಲು ಬೆಳಕಿನಲ್ಲಿ, ಬೀದಿ ತುಂಬ ಜನ ಇರುವ ಹೊತ್ತಿನಲ್ಲಿ, ಮುಂಬಾಗಿಲಿಗೇ ಬರುತ್ತೇವೆ. ಮಹಿಳಾ ಪೊಲೀಸರಿಗೆ ಮೊದಲೇ ಬರೆದುಕೊಡುತ್ತೇವೆ ಎಂದು ಅರ್ಪಿತ ಹೇಳಿದ್ದಾಳೆ. ಬಟ್ಟೆ ಬೇಡ, ಒಡವೆ ಬೇಡ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡಿರು. ಹತ್ತು ಗಂಟೆಗೆ ರಂಗೋಲಿ ತಿದ್ದುವ ಹಾಗೋ, ತರಕಾರಿ ನೋಡುವ ಹಾಗೋ ಹೊಸ್ತಿಲ ಆಚೆ ನಿಂತಿರು. ಒಳಗಿರಬೇಡ. ಮಗ್ಗಗಳು ಓಡುತ್ತಿರುತ್ತವೆ, ನಾನು ಕೂಗಿದರೂ ಒಳಗೆ ಕೇಳಿಸುವುದಿಲ್ಲ.

ಅಷ್ಟರವರೆಗೆ ಹಿಂದಿನ ಕೋಣೆಗೆ ಒಬ್ಬಳೇ ಹೋಗಬೇಡ. ನೂಲಿನ ಮೂಟೆ ಇಡುತ್ತೀರಲ್ಲ, ಅದೇ ಆಗಿನ ಅಡಿಗೆಮನೆ. ನೈಲಾನ್ ಸೀರೆ ಉಡಬೇಡ. ನಿನ್ನ ಅತ್ತೆಯನ್ನು ನಂಬಬೇಡ, ಹಾಗಂತ ದ್ವೇಷಿಸಲೂ ಬೇಡ. ಹೆಣ ಎತ್ತಿ ವರ್ಷ ತುಂಬುವ ಮೊದಲೇ ಆ ಮನೆಗೆ ಬಂದವಳು ಅವಳು, ನಲವತ್ತು ವರ್ಷ ಏನೇನು ನುಂಗಿಕೊಂಡು ಬದುಕಿದ್ದಾಳೋ.

ಗುರುವಾರಕ್ಕಿಂತ ಮುಂಚೆಯೇ ಏನಾದರೂ ಅನಿಸಿದರೆ ಒಂದು ನಿಮಿಷವೂ ಕಾಯಬೇಡ. ಚಪ್ಪಲಿ ಇಲ್ಲದಿದ್ದರೂ ಸರಿ, ಬೀದಿಗೆ ಓಡಿ ಬಾ. ಮುನಿಲಕ್ಷ್ಮಮ್ಮನ ಮನೆ ನಾಲ್ಕನೇ ಅಡ್ಡರಸ್ತೆ. ಅವಳ ಮಗನ ಆಟೋ ಬಾಗಿಲಲ್ಲೇ ನಿಂತಿರುತ್ತದೆ.

ಮುತ್ತೈದೆಯಾಗಿ ಬಾಳು ಎಂದು ಹರಸುವುದು ನಮ್ಮಲ್ಲಿ ರೂಢಿ. ನಾನು ಹಾಗೆ ಹರಸುವುದಿಲ್ಲ. ಬಾಳು, ಅಷ್ಟೇ. ನಿನ್ನ ಕೂದಲು ಪೂರ್ತಿ ನರೆಯುವವರೆಗೆ ಬಾಳು. ನನಗೆ ಬೈಯುತ್ತಾ ಬೈಯುತ್ತಾ ಬಾಳು.

ನಿನ್ನ
ಅಮ್ಮ, ವರಲಕ್ಷ್ಮಿ

ತಾ.ಕ.: ಬುಧವಾರ ಬೆಳಿಗ್ಗೆ. ಮುನಿಲಕ್ಷ್ಮಮ್ಮ ಬಂದು ಕಟ್ಟೆಯ ಮೇಲೆ ಕೂತಿದ್ದಾಳೆ. ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸ್ಟೌ ಸಿಡಿಯಿತು ಎಂದು ನಾನೂ ನಂಬಿದ್ದೆ ಎಂದೆ. ಒಂದು ದಿನವೂ ನಂಬಿರಲಿಲ್ಲ. ಬೀದಿಯವರಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ ಎಂದದ್ದೂ ಅದೇ ಸುಳ್ಳಿನ ಬಾಲ.

ಕಡತದಲ್ಲಿ ಇನ್ನೊಂದು ಹೇಳಿಕೆ ಇದೆ. "ವರಲಕ್ಷ್ಮಿ, ಒಂಬತ್ತು ವರ್ಷ, ನಾಲ್ಕನೇ ತರಗತಿ. ಮಗ್ಗಗಳು ಓಡುತ್ತಿದ್ದವು. ಚಿಕ್ಕಮ್ಮ ಕೂಗಿದ್ದು ನನಗೆ ಕೇಳಿಸಲಿಲ್ಲ." ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಸಹಿ.

ನಾನು ನಡುಮನೆಯಲ್ಲಿ ಕೂತಿದ್ದೆ. ಚಿಕ್ಕಪ್ಪ ಅಡಿಗೆಮನೆಯಿಂದ ಆಚೆ ಬಂದು ಬಾಗಿಲೆಳೆದು ಚಿಲಕ ಹಾಕಿದ. ಒಳಗಿನಿಂದ ಅವಳು ಯಾರನ್ನೂ ಕರೆಯಲಿಲ್ಲ, ನನ್ನನ್ನೇ ಕರೆದಳು. "ವರಾ, ವಾಕಿಲಿ ತೀಯವೇ, ವರಾ." ಬಾಗಿಲು ತೆಗಿಯೇ ಅಂತ. ಚಿಲಕ ನನ್ನ ಕೈಗೆ ಎಟುಕುತ್ತಿತ್ತು. ಅವನು ನನ್ನನ್ನು ಹೊಡೆಯಲಿಲ್ಲ, ಗದರಿಸಲೂ ಇಲ್ಲ. "ಹೋಗ್ ಮಗ, ಆಚೆ ಆಟ ಆಡ್ಕೋ ಹೋಗು" ಅಂದ. ನಾನು ಹೋದೆ. ಬೀದಿಯ ಎಲ್ಲ ಹೊಸ್ತಿಲಿನಲ್ಲೂ ಹೆಂಗಸರು ನಿಂತಿದ್ದರು, ಎಲ್ಲರೂ ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು. ಒಬ್ಬಳೂ ಹೊಸ್ತಿಲು ದಾಟಲಿಲ್ಲ. ನಾನು ಕುಂಟೆಬಿಲ್ಲೆ ಆಡಿದೆ.

ಅದೇ ಮನೆಗೆ ನಿನ್ನನ್ನು ಕೊಟ್ಟೆ. ಜೂನ್‌ನಲ್ಲಿ ಬಸ್ಸಿನ ಕಿಟಕಿಯಿಂದ ನೀನು "ಇನ್ನೊಂದಿನ ಇರ್ಲಾ ಅಮ್ಮ" ಅಂದೆ. ನಾನು "ಹೋಗು, ಸರಿಹೋಗುತ್ತೆ" ಅಂದೆ. ಚಿಲಕ ಹಾಕಿದ ದಿನ ನನಗೆ ಒಂಬತ್ತು ವರ್ಷವಾಗಿತ್ತು. ಜೂನ್‌ನಲ್ಲಿ ಐವತ್ತು.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ನೋಡಬೇಡ, ಅರ್ಪಿತಳ ಜೊತೆ ಅವಳ ಮನೆಗೆ ಹೋಗು. ಕ್ಷಮಿಸುವುದು ಬಿಡುವುದು ಎಲ್ಲ ಆಮೇಲಿನ ಮಾತು. ನೀನು ಆಚೆ ಬಾ.